ಕ್ರೋಮೇಟ್: ಕಾರ್ಮಿಕರ ಮೂಗಿನಿಂದ ಅಂತರ್ಜಲದವರೆಗೆ

ಫ್ರಾನ್ಸಿನ ವೋಕ್ಲಾನ್ ಕ್ರೋಮಿಯಂ ಲೋಹವನ್ನು ಕಂಡುಹಿಡಿದದ್ದು 1797ರಲ್ಲಿ. ಅದರ ಲವಣವಾದ ಡೈಕ್ರೋಮೇಟ್ ಬಟ್ಟೆಗೆ ಬಣ್ಣ ಹಾಕುವವರ ಕೈ ಸೇರಿದ ಕೆಲವೇ ವರ್ಷಗಳಲ್ಲಿ, 1827ರಲ್ಲಿ, ಗ್ಲಾಸ್ಗೋದ ವೈದ್ಯ ವಿಲಿಯಂ ಕ್ಯುಮಿನ್ ಆ ಕೈಗಳ ಮೇಲಿನ ಆಳವಾದ ಹುಣ್ಣುಗಳನ್ನು ದಾಖಲಿಸಿದ. ಅಪಾಯ ಬೇಗನೇ ಗೊತ್ತಾಯಿತು. ಕೆಲಸದ ರೀತಿ ಬದಲಾಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕ್ರೋಮೇಟ್ ದೂಳು ಮೂಗು ಸೇರಿದರೆ ಹೊಳ್ಳೆಗಳ ನಡುವಿನ ಮೆದುಮೂಳೆ ಕರಗಿ ತೂತು ಬೀಳುತ್ತದೆ. ಹೆಚ್ಚು ನೋವಿಲ್ಲದ್ದರಿಂದ ಎಷ್ಟೋ ಜನರಿಗೆ ಅದು ತಿಳಿಯುವುದೇ ಇಲ್ಲ. ಗ್ಲಾಸ್ಗೋ ಬಳಿಯ ಕ್ರೋಮೇಟ್ ಕಾರ್ಖಾನೆಯೊಂದರ ಕಾರ್ಮಿಕರ ಬವಣೆಯನ್ನು ಕಾರ್ಮಿಕ ನಾಯಕ ಕೀರ್ ಹಾರ್ಡಿ 1899ರಲ್ಲಿ ಕಿರುಹೊತ್ತಿಗೆಯಲ್ಲಿ ಬಯಲಿಗೆಳೆದರು. ಕ್ಯಾನ್ಸರಿನ ನಂಟು ನಿಧಾನವಾಗಿ ಸ್ಪಷ್ಟವಾಯಿತು: 1936ರಲ್ಲಿ ಜರ್ಮನಿ ಕ್ರೋಮೇಟ್ ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರನ್ನು ಔದ್ಯೋಗಿಕ ರೋಗವೆಂದು ಒಪ್ಪಿತು, 1948ರಲ್ಲಿ ಅಮೆರಿಕದ ಅಧ್ಯಯನ ಅದನ್ನು ದೃಢಪಡಿಸಿತು, 1990ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ರೋಮೇಟ್ ಸೇರಿದಂತೆ ಹೆಕ್ಸಾವೇಲೆಂಟ್ ಕ್ರೋಮಿಯಂ ಸಂಯುಕ್ತಗಳನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕ್ರೋಮೇಟ್ ರಚನೆಯಲ್ಲಿ ಸಲ್ಫೇಟನ್ನು ಹೋಲುವುದರಿಂದ ಜೀವಕೋಶ ಅದನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಅದು ಟ್ರೈವೇಲೆಂಟ್ ರೂಪಕ್ಕೆ ತಿರುಗುವಾಗ ಡಿಎನ್‌ಎಗೆ ಪೆಟ್ಟು ಬೀಳುತ್ತದೆ.

ಮುನ್ನೆಚ್ಚರಿಕೆ ಎಂದರೆ ಬಹುಕಾಲ ಕೈಗವಸು, ಮುಲಾಮು, ಮಾಸ್ಕು ಅಷ್ಟೇ ಆಗಿತ್ತು. ನಿಜವಾದ ಸುಧಾರಣೆ ಬಂದದ್ದು ಕೆಲಸದ ವಿಧಾನವನ್ನೇ ಬದಲಿಸಿದಾಗ. ಹಸಿ ಸಿಮೆಂಟಿನ ಕ್ರೋಮೇಟಿನಿಂದ ಗಾರೆಯವರ ಕೈಗೆ ಬರುತ್ತಿದ್ದ ಕಜ್ಜಿಗೆ ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲಿ ಸಿಮೆಂಟಿಗೇ ಫೆರಸ್ ಸಲ್ಫೇಟ್ ಬೆರೆಸುವ ದಾರಿ ಹಿಡಿಯಿತು. 2005ರಿಂದ ಐರೋಪ್ಯ ಒಕ್ಕೂಟ ಕಿಲೋ ಸಿಮೆಂಟಿಗೆ 2 ಮಿಲಿಗ್ರಾಂ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ಮಿತಿ ಹಾಕಿತು. ಕ್ರೋಮ್ ಪ್ಲೇಟಿಂಗ್ ತೊಟ್ಟಿಯಲ್ಲಿ ವಿದ್ಯುತ್ತಿನ ಹೆಚ್ಚಿನ ಪಾಲು ಜಲಜನಕದ ಗುಳ್ಳೆ ಎಬ್ಬಿಸಲಿಕ್ಕೇ ಖರ್ಚಾಗುತ್ತದೆ. ಗುಳ್ಳೆ ಒಡೆದಾಗಲೆಲ್ಲ ಕ್ರೋಮಿಕ್ ಆಮ್ಲದ ತುಂತುರು ಗಾಳಿಗೇರುತ್ತದೆ. ತೊಟ್ಟಿಯ ಅಂಚಿನಲ್ಲೇ ಅದನ್ನು ಹೀರುವ ಎಕ್ಸಾಸ್ಟ್ ಅಥವಾ ಟ್ರೈವೇಲೆಂಟ್ ದ್ರಾವಣ ಇದಕ್ಕೆ ಪರಿಹಾರ. 2006ರಲ್ಲಿ ಅಮೆರಿಕ ಕೆಲಸದ ಜಾಗದ ಗಾಳಿಯಲ್ಲಿನ ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿಯನ್ನು ಘನ ಮೀಟರಿಗೆ 52ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು.

ಭಾರತದಲ್ಲಿ ಚರ್ಚೆ ಹೆಚ್ಚಾಗಿ ನೀರಿನ ಸುತ್ತ ನಡೆದಿದೆ. ಚರ್ಮ ಹದಮಾಡಲು ಬಳಸುವ ಬೇಸಿಕ್ ಕ್ರೋಮಿಯಂ ಸಲ್ಫೇಟ್ ಟ್ರೈವೇಲೆಂಟ್, ಅಷ್ಟು ವಿಷವಲ್ಲ. ಆದರೆ ಅದು ತಯಾರಾಗುವುದು ಡೈಕ್ರೋಮೇಟಿನಿಂದ. ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆ ಲಕ್ಷಾಂತರ ಟನ್ ತ್ಯಾಜ್ಯವನ್ನು ಬಯಲಲ್ಲೇ ಬಿಟ್ಟುಹೋಯಿತು. ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಆಸುಪಾಸಿನ ಬೋರ್‌ವೆಲ್‌ಗಳಲ್ಲೂ ಹೆಕ್ಸಾವೇಲೆಂಟ್ ಕ್ರೋಮಿಯಂ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ಕ್ರೋಮೇಟ್ ಬೆರೆತ ತ್ಯಾಜ್ಯ ನೀರಿನ ಚಿಕಿತ್ಸೆ ಹಳೆಯದು, ಸರಳವೂ ಹೌದು. ತ್ಯಾಜ್ಯ ನೀರನ್ನು ಆಮ್ಲೀಯಗೊಳಿಸಿ ಸೋಡಿಯಂ ಬೈಸಲ್ಫೈಟ್ ಹಾಕಿದರೆ ಹಳದಿ ದ್ರಾವಣ ಹಸಿರಾಗುತ್ತದೆ. ಸುಣ್ಣ ಬೆರೆಸಿದರೆ ಕ್ರೋಮಿಯಂ ಕೆಸರಾಗಿ ತಳ ಸೇರುತ್ತದೆ. ಘಟಕದೊಳಗೆ ಇಷ್ಟು ಮಾಡುವ ಖರ್ಚು, ಕೆಟ್ಟ ಅಂತರ್ಜಲವನ್ನು ಸರಿಪಡಿಸುವ ಖರ್ಚಿನ ಮುಂದೆ ಏನೇನೂ ಅಲ್ಲ. ಸಣ್ಣ ಘಟಕಗಳಿಗೆ ನೋಟಿಸ್ ಕೊಡುವ ಮೊದಲು ಇಂಥ ಚಿಕಿತ್ಸೆಗೆ ಬೇಕಾದ ತೊಟ್ಟಿಗಳನ್ನು ಕಟ್ಟಿಕೊಳ್ಳಲು ನೆರವು ಕೊಡುವುದೇ ಸರಿಯಾದ ಕ್ರಮ.