ದುರಾಡಳಿತವೆಂಬ ಕಾರಣ

ಯಾವ ಸರ್ಕಾರವೂ ತನಗೆ ಬಲವಿದೆಯೆಂಬುದೊಂದನ್ನೇ ಆಳ್ವಿಕೆಗೆ ಕಾರಣವೆಂದು ಹೇಳಿಕೊಳ್ಳುವುದಿಲ್ಲ. ಪ್ರಜೆಗಳ ಹಿತಕ್ಕಾಗಿ ಆಳುತ್ತಿದ್ದೇನೆ ಎನ್ನುವುದು ಪರರಾಜ್ಯದವರಿಗೂ ಅಗತ್ಯವಾದ ಮಾತು. ಮೈಸೂರಿನ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವುಂಟು.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಈಸ್ಟ್ ಇಂಡಿಯಾ ಕಂಪೆನಿಯು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿತು. ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ ಸಲ್ಲಿಸಬೇಕೆಂದು ಒಪ್ಪಂದವಾಯಿತು. ಆ ಹಣಕ್ಕೆ ಸಂಚಕಾರ ಬರುವಂತಿದ್ದರೆ ಆಡಳಿತವನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪೆನಿ ಬರೆಸಿಕೊಂಡಿತು.

1830ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕ್, ದುರಾಡಳಿತದ ಕಾರಣ ಹೇಳಿ, ಅರಸರ ಕೈಯಿಂದ ಅಧಿಕಾರವನ್ನು ತೆಗೆದುಕೊಂಡನು. ದಂಗೆಯ ಮೂಲವನ್ನು ಪರಿಶೀಲಿಸಲು ಸಮಿತಿ ನೇಮಕವಾದದ್ದು ಅದಾದ ಮೇಲೆ. ಅದರ ವರದಿ ಬಂದದ್ದು 1833ರಲ್ಲಿ. ತೀರ್ಪು ಮೊದಲು, ವಿಚಾರಣೆ ಅನಂತರ! ರೈತರ ಸಂಕಟ ಸುಳ್ಳಾಗಿರಲಿಲ್ಲ. ಮುಂದೆ ಕಮಿಷನರ್ ಕಬ್ಬನ್ ಅನೇಕ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದ್ದೂ ನಿಜ. ಆದರೆ ಆಪಾದಿಸಿದವರೇ ತೀರ್ಪು ಕೊಟ್ಟರು, ರಾಜ್ಯವೂ ಅವರ ಕೈಗೇ ಸೇರಿತು. ಕೃಷ್ಣರಾಜ ಒಡೆಯರು ಮರಳಿ ಅಧಿಕಾರ ಕಾಣದೆಯೇ 1868ರಲ್ಲಿ ತೀರಿಕೊಂಡರು. ಸಂಸ್ಥಾನ ಒಡೆಯರ ವಂಶಕ್ಕೆ ಹಿಂದಿರುಗಿದ್ದು ಐವತ್ತು ವರ್ಷಗಳ ತರುವಾಯ, 1881ರಲ್ಲಿ.

ಆಂಗ್ಲರು ಹೋದರೂ ಈ ತರ್ಕ ಅವರೊಡನೆ ಹಡಗು ಹತ್ತಲಿಲ್ಲ. ಪ್ರಾಂತದ ಆಡಳಿತ ನಡೆಯದಂತಾದರೆ ಗವರ್ನರನೇ ಅದನ್ನು ವಹಿಸಿಕೊಳ್ಳಬಹುದೆಂದು 1935ರ ಕಾಯಿದೆಯ 93ನೆಯ ಕಲಮು ಹೇಳಿತ್ತು. ಅದೇ ಬಗೆಯ ಅಧಿಕಾರ ನಮ್ಮ ಸಂವಿಧಾನದ 356ನೆಯ ಅನುಚ್ಛೇದದಲ್ಲಿ ಕೇಂದ್ರಕ್ಕೆ ದೊರೆಯಿತು. ಅದು ಬಳಕೆಗೆ ಬಾರದೆ ಕಾಗದದ ಮೇಲೆಯೇ ಉಳಿಯಲೆಂದು ಡಾ. ಅಂಬೇಡ್ಕರ್ 1949ರಲ್ಲಿ ಸಂವಿಧಾನ ಸಭೆಯಲ್ಲಿ ಹಾರೈಸಿದರು. ಹಾರೈಕೆ ಫಲಿಸಲಿಲ್ಲ, 1951ರಲ್ಲಿಯೇ ಪಂಜಾಬಿನಲ್ಲಿ ಅದರ ಪ್ರಯೋಗವಾಯಿತು.

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರು ತಮ್ಮ ಬಹುಮತವನ್ನು ವಿಧಾನಸಭೆಯಲ್ಲಿ ತೋರಿಸಲು ಸಿದ್ಧರಿದ್ದರು. ಅವಕಾಶ ಸಿಗಲಿಲ್ಲ; ರಾಜ್ಯಪಾಲರ ವರದಿಯ ಮೇಲೆ ಸರ್ಕಾರ ವಜಾ ಆಯಿತು. ಇಲ್ಲಿಯೂ ತೀರ್ಪೇ ಮೊದಲು. ಆದರೆ 1831ರಲ್ಲಿ ಅರಸರಿಗಿಲ್ಲದ ಒಂದು ಬಾಗಿಲು ಬೊಮ್ಮಾಯಿಯವರಿಗಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ ಎಂದಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದೆಂದು ಸಾರಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಹೋದ ಸರ್ಕಾರ ಮರಳಲಿಲ್ಲ.

ಆದರೂ ಲಾಭ ಸಣ್ಣದಲ್ಲ. ಪ್ರಜೆಗಳ ಹಿತದ ಮಾತನ್ನು ಕಂಪೆನಿಯೂ ಆಡಿತು, ನಮ್ಮವರೂ ಆಡುತ್ತಾರೆ. ಆ ಮಾತು ದಿಟವೇ ಎಂದು ಆಳುವವರನ್ನು ಕೇಳಬಲ್ಲ ಇನ್ನೊಬ್ಬರು ಇದ್ದಾರೆಯೇ ಎಂಬುದರಲ್ಲಿಯೇ ಸ್ವರಾಜ್ಯದ ಗುರುತಿದೆ.