ಹದಿನಾರು ಕೆರೆ

ಹದಿನಾರು ಕೆರೆಯು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದಲ್ಲಿರುವ ಕೆರೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬಂದು ತಂಗುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಇದು ಪಕ್ಷಿವೀಕ್ಷಕರಿಗೆ ಚಿರಪರಿಚಿತವಾಗಿದೆ. ಗ್ರಾಮದ ಹೆಸರು ಸಂಖ್ಯೆಯಂತೆ ತೋರಿದರೂ ಅದು ‘ಹದಿನಾಡು’ ಎಂಬುದರ ರೂಪಾಂತರವೆನ್ನಲಾಗುತ್ತದೆ. 1399ರಲ್ಲಿ ಮೈಸೂರು ಒಡೆಯರ ವಂಶಕ್ಕೆ ಮೂಲಪುರುಷನಾದನೆಂದು ಹೇಳಲಾಗುವ ಯದುರಾಯನ ಐತಿಹ್ಯದಲ್ಲಿಯೂ ಈ ನಾಡಿನ ಪ್ರಸ್ತಾಪವಿದೆ.

ಪಟ್ಟೆತಲೆ ಹೆಬ್ಬಾತು

ಇದರ ವೈಜ್ಞಾನಿಕ ಹೆಸರು ಆನ್ಸರ್ ಇಂಡಿಕಸ್. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು, ಹಳದಿ ಮಿಶ್ರಿತ ಕಿತ್ತಳೆ ಬಣ್ಣದ ಕೊಕ್ಕು ಮತ್ತು ಕಾಲು ಇದರ ಗುರುತುಗಳು. ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್ ಹಾಗೂ ಲಡಾಖಿನ ಎತ್ತರದ ಸರೋವರಗಳ ಬಳಿ ಗೂಡು ಕಟ್ಟುತ್ತದೆ. ವಲಸೆಯ ವೇಳೆ ಈ ಜಾತಿಯ ಹಕ್ಕಿಯೊಂದು 7,290 ಮೀಟರ್ ಎತ್ತರದಲ್ಲಿ ಹಾರಿದುದು ಉಪಗ್ರಹ ಸಾಧನದ ಮೂಲಕ ದಾಖಲಾಗಿದೆ.

ಹೆಬ್ಬಾತುಗಳು ಹಗಲಿನಲ್ಲಿ ಕೆರೆಯ ಆಳವಿಲ್ಲದ ನೀರಿನಲ್ಲಿ ಹಾಗೂ ದಡದಲ್ಲಿ ವಿಶ್ರಮಿಸುತ್ತವೆ. ಮುಸ್ಸಂಜೆಗೆ ಹಿಂಡಾಗಿ ಎದ್ದು ಸುತ್ತಲಿನ ಹೊಲಗದ್ದೆಗಳಿಗೆ ಮೇಯಲು ಹೋಗುತ್ತವೆ. ಸೂಜಿಬಾಲದ ಬಾತು, ನಾಮದ ಕೋಳಿ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಮೊದಲಾದವು ಈ ಭಾಗದ ಕೆರೆಗಳಲ್ಲಿ ಕಾಣಸಿಗುವ ಇತರ ಪಕ್ಷಿಗಳು.

ಎಣಿಕೆ ಮತ್ತು ದಾಖಲಾತಿ

1987ರಲ್ಲಿ ಆರಂಭವಾದ ಏಷ್ಯಾ ಜಲಪಕ್ಷಿ ಗಣತಿಯು ಪ್ರತಿ ಜನವರಿಯಲ್ಲಿ ಸ್ವಯಂಸೇವಕರಿಂದ ನಡೆಯುತ್ತದೆ. ‘ಸಾವಿರಾರು ಹಕ್ಕಿಗಳಿದ್ದವು’ ಎಂಬ ಬರಹದಿಂದ ಗಣತಿಗೆ ಯಾವ ಪ್ರಯೋಜನವೂ ಇಲ್ಲ. ಸೂರ್ಯನಿಗೆ ಬೆನ್ನು ಮಾಡಿ, ಏರಿಯ ಮೇಲಿನಿಂದ ಮೊದಲು ಹತ್ತು ಅಥವಾ ಐವತ್ತು ಹಕ್ಕಿಗಳ ಒಂದು ಗುಂಪನ್ನು ಎಣಿಸಿ, ಅದೇ ಅಳತೆಯಲ್ಲಿ ಇಡೀ ಹಿಂಡನ್ನು ಅಂದಾಜಿಸುವುದು ರೂಢಿ. ಹಿಂಡು ಹೊಲದಿಂದ ಮರಳುವ ಮುನ್ನವೇ ನಸುಕಿನಲ್ಲಿ ಎಣಿಸಿದರೆ ಸಂಖ್ಯೆ ಕಡಿಮೆ ಬರುತ್ತದೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಕೆರೆಗಳನ್ನು ಬೇರೆ ಬೇರೆ ದಿನ ಎಣಿಸಿದಲ್ಲಿ, ಒಂದೇ ಹಿಂಡು ಎರಡು ಬಾರಿ ಲೆಕ್ಕಕ್ಕೆ ಸೇರುವ ಅಪಾಯವೂ ಉಂಟು.

ದಿನಾಂಕ, ವೇಳೆ, ಸಂಖ್ಯೆಗಳ ಜೊತೆಗೆ ನೀರಿನ ಮಟ್ಟವನ್ನೂ ಬರೆಯುವುದು ಅವಶ್ಯಕ. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ಕೆರೆ ತುಂಬಿದ ವರ್ಷ ಆಳವಿಲ್ಲದ ಅಂಚು ಮುಳುಗಿ ಹಕ್ಕಿಗಳು ಬೇರೆಡೆಗೆ ಹೋಗಬಹುದು. ನೀರಿನ ವಿವರವಿಲ್ಲದ ದಾಖಲೆಯನ್ನು ಮುಂದೆ ಓದುವವರು ಅದನ್ನು ಸಂತತಿಯ ಕುಸಿತವೆಂದೇ ತಿಳಿಯುತ್ತಾರೆ.

ಕುತ್ತಿಗೆಪಟ್ಟಿ

ಮಂಗೋಲಿಯಾದಲ್ಲಿ ಸಂಶೋಧಕರು ಕುತ್ತಿಗೆಪಟ್ಟಿ ತೊಡಿಸಿದ ಹೆಬ್ಬಾತುಗಳು ಈ ಕೆರೆಯಲ್ಲಿ ಕಂಡುಬಂದಿವೆ. ಕಾಲಿನ ಉಂಗುರ ನೀರಿನಲ್ಲಿ ಮರೆಯಾಗುತ್ತದೆ. ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ದೂರದರ್ಶಕದಿಂದ ದಡದಲ್ಲಿಯೇ ನಿಂತು ಓದಬಹುದು. ಪಟ್ಟಿಯ ಬಣ್ಣ, ಸಂಕೇತ, ಸ್ಥಳ, ದಿನಾಂಕಗಳನ್ನು ಸಾಧ್ಯವಾದರೆ ಛಾಯಾಚಿತ್ರದೊಂದಿಗೆ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. ಆ ಹಕ್ಕಿಗೆ ಎಲ್ಲಿ, ಎಂದು ಪಟ್ಟಿ ತೊಡಿಸಲಾಯಿತೆಂಬುದು ಸಂಕೇತದಿಂದ ಗೊತ್ತಾಗುತ್ತದೆ. ಒಂದು ಅಕ್ಷರ ಸ್ಪಷ್ಟವಾಗದಿದ್ದರೆ ಊಹಿಸಿ ತುಂಬದೆ ಅದರ ಸ್ಥಾನವನ್ನು ಖಾಲಿ ಬಿಡಬೇಕು. ಓದುವ ಆಸೆಯಿಂದ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸುವುದು ಸಲ್ಲದು.

ಒಂದೂ ಹೆಬ್ಬಾತು ಕಾಣದ ದಿನ ಪಟ್ಟಿಯಲ್ಲಿ ಸೊನ್ನೆಯನ್ನು ನಮೂದಿಸಬೇಕು. ಹಕ್ಕಿಗಳು ಯಾವ ವಾರ ಬಂದವು, ಯಾವ ವಾರ ಹೊರಟವು ಎಂಬುದನ್ನು ನಿರ್ಧರಿಸಲು ಈ ಸೊನ್ನೆಗಳೇ ಆಧಾರ.