ಕೋಳಿ ರೆಕ್ಕೆಯ ಚರಿತ್ರೆ: ಕೈ ಯಾರದ್ದು, ಹೆಸರು ಯಾರದ್ದು?

ಮಂಗಳೂರಿನಿಂದ ಮಂಜೇಶ್ವರ, ಉಪ್ಪಳದವರೆಗೆ ನಮ್ಮ ಮಕ್ಕಳ ಬಾಯಲ್ಲಿ ‘ಚಿಕನ್ ವಿಂಗ್ಸ್’ ಎಂಬ ಮಾತು ಈಗ ಸಲೀಸಾಗಿ ಬರುತ್ತದೆ. ಹೋಟೆಲಿನ ಪಟ್ಟಿಯಲ್ಲಿ ‘ಬಫಲೊ ವಿಂಗ್ಸ್’ ಎಂದು ಓದಿ, ಕೋಣಕ್ಕೆ ರೆಕ್ಕೆ ಬಂದದ್ದು ಯಾವಾಗ ಎಂದು ನಗುವ ಹಿರಿಯರೂ ಇದ್ದಾರೆ. ಬಫಲೊ ಒಂದು ಊರಿನ ಹೆಸರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರಿ ಸರೋವರದ ದಡದಲ್ಲಿ, ಕೆನಡಾಕ್ಕೆ ತಾಗಿಕೊಂಡಿರುವ ನಗರ ಅದು. ಕಾಸರಗೋಡಿನ ಕಡೆಯವರಾದ ನಮ್ಮ ಹಾಗೆ ಅವರೂ ಗಡಿಯೂರಿನವರು.

ಅಲ್ಲಿಯೂ ಹಿಂದೆ ರೆಕ್ಕೆಗೆ ಬೆಲೆ ಇರಲಿಲ್ಲ. ಎದೆಯ ಮಾಂಸಕ್ಕೂ ಕಾಲಿಗೂ ಗಿರಾಕಿಗಳು. ರೆಕ್ಕೆ, ಕುತ್ತಿಗೆ, ಬೆನ್ನೆಲುಬು ಸೂಪಿನ ಪಾತ್ರೆಗೆ. ಈ ಸ್ಥಿತಿ ಬದಲಾಗಲು 1964ರಲ್ಲಿ ಬಫಲೊದ ಮೇನ್ ಸ್ಟ್ರೀಟಿನ ಆ್ಯಂಕರ್ ಬಾರ್ ಎಂಬಲ್ಲಿ ನಡೆದ ಘಟನೆಯೇ ಕಾರಣ ಎಂಬುದು ಎಲ್ಲರೂ ಹೇಳುವ ಕಥೆ. ಅದನ್ನು ನಡೆಸುತ್ತಿದ್ದವರು ಇಟಲಿ ಮೂಲದ ಫ್ರಾಂಕ್ ಮತ್ತು ಟೆರೆಸಾ ಬೆಲಿಸಿಮೊ ದಂಪತಿ. ಸಾಸಿಗೆಂದು ಬೆನ್ನು, ಕುತ್ತಿಗೆ ತರಿಸಿದರೆ ತಪ್ಪಿ ರೆಕ್ಕೆ ಬಂತು, ಅದನ್ನು ಸಾಸಿಗೆ ಹಾಕುವುದು ಬೇಡವೆಂದು ಹೆಂಡತಿಗೆ ಹೇಳಿದೆ ಎಂಬುದು ಫ್ರಾಂಕ್ ಹೇಳಿದ್ದು. ಮಗ ಡೊಮಿನಿಕ್ ಹೇಳಿದ್ದೇ ಬೇರೆ: ಶುಕ್ರವಾರ ರಾತ್ರಿ ಬಂದಿದ್ದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು, ಆ ದಿನ ಮಾಂಸ ಮುಟ್ಟದವರು, ಹನ್ನೆರಡು ದಾಟಿದ ಮೇಲೆ ಅವರಿಗೆ ಏನಾದರೂ ಮಾಡಿಕೊಡು ಎಂದು ತಾಯಿಯನ್ನು ಕೇಳಿದೆ ಎಂದು.

ಕಥೆ ಎರಡಾದರೂ ಕೈ ಒಂದೇ. ರೆಕ್ಕೆಯನ್ನು ತುಂಡು ಮಾಡಿ, ಎಣ್ಣೆಯಲ್ಲಿ ಕರಿದು, ಖಾರದ ಸಾಸಿನಲ್ಲಿ ಹೊರಳಿಸಿ, ಸೆಲರಿ ದಂಟು ಮತ್ತು ಬ್ಲೂ ಚೀಸಿನ ಜೊತೆ ಬಡಿಸಿದವರು ಟೆರೆಸಾ. ಆದರೆ 1977ರ ಜುಲೈ 29ನ್ನು ‘ಚಿಕನ್ ವಿಂಗ್ ದಿನ’ ಎಂದು ಬಫಲೊ ನಗರ ಘೋಷಿಸಿದಾಗ, ಆ ಪತ್ರದಲ್ಲಿ ಪ್ರಯೋಗದ ಕೀರ್ತಿ ಸಿಕ್ಕಿದ್ದು ಗಂಡನಿಗೆ.

ಅದೇ ಊರಿನಲ್ಲಿ ಇನ್ನೊಬ್ಬರಿದ್ದರು. ಜಾನ್ ಯಂಗ್, ಅಲಬಾಮದಿಂದ ಬಂದ ಆಫ್ರಿಕನ್ ಅಮೆರಿಕನ್. ವಾಷಿಂಗ್ಟನ್ನಿನಲ್ಲಿ ರೆಕ್ಕೆ ಮಾರಿಯೇ ವ್ಯಾಪಾರ ಮಾಡುವ ಅಂಗಡಿ ಇದೆ ಎಂದು ಒಬ್ಬ ಬಾಕ್ಸರನಿಂದ ಕೇಳಿ, 1960ರ ದಶಕದಲ್ಲಿ ತಾನೂ ಅದನ್ನೇ ಮಾಡಿದರು. ಅವರದು ತುಂಡು ಮಾಡದ ಇಡೀ ರೆಕ್ಕೆ, ಹಿಟ್ಟಿನಲ್ಲಿ ಹೊರಳಿಸಿ ಕರಿದದ್ದು, ಮೇಲೆ ‘ಮ್ಯಾಂಬೊ’ ಎಂಬ ಸಾಸ್. ಅಂಗಡಿಯ ಹೆಸರಿನಲ್ಲೇ ರೆಕ್ಕೆ ಇತ್ತು. 1970ರಲ್ಲಿ ಅವರು ಊರು ಬಿಟ್ಟರು. ಮರಳಿ ಬರುವಷ್ಟರಲ್ಲಿ ರೆಕ್ಕೆ ಬೇರೆಯವರ ಹೆಸರಿನಲ್ಲಿ ಪ್ರಸಿದ್ಧವಾಗಿತ್ತು. 1980ರಲ್ಲಿ ಕ್ಯಾಲ್ವಿನ್ ಟ್ರಿಲಿನ್ ಎಂಬ ಲೇಖಕ ‘ನ್ಯೂಯಾರ್ಕರ್’ ಪತ್ರಿಕೆಗೆ ರೆಕ್ಕೆಯ ಚರಿತ್ರೆ ಬರೆಯಲು ಹೋಗಿ ಬೆಲಿಸಿಮೊ ಕುಟುಂಬದ ಜೊತೆ ಯಂಗ್ ಅವರನ್ನೂ ಮಾತನಾಡಿಸಿದ್ದರಿಂದ ಅವರ ಮಾತು ಉಳಿಯಿತು. ಇಲ್ಲದಿದ್ದರೆ ಅದೂ ಇಲ್ಲ.

ಇಂದು ಅಮೆರಿಕದ ‘ಸೂಪರ್ ಬೌಲ್’ ಪಂದ್ಯದ ವಾರಾಂತ್ಯದಲ್ಲಿ 140 ಕೋಟಿಗೂ ಹೆಚ್ಚು ರೆಕ್ಕೆ ಖರ್ಚಾಗುತ್ತದೆ ಎಂದು ಅಲ್ಲಿನ ಕೋಳಿ ಉದ್ಯಮದ ಸಂಸ್ಥೆ ಅಂದಾಜು ಮಾಡುತ್ತದೆ. ಸೂಪಿಗೆ ಹೋಗುತ್ತಿದ್ದ ತುಂಡು ಅದೇ.

ಬಫಲೊದವರು ಕರಿದದ್ದನ್ನು ನಾವು ಮನೆಯ ಓವನಿನಲ್ಲಿ ಸುಡಬಹುದು, ಎಣ್ಣೆಯೂ ಉಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುವುದುಂಟು. ಚರ್ಮ ಸಮೇತ ಬೇಕೆಂದು ಮೊದಲೇ ಹೇಳಿ, ಗರಿಗರಿಯಾಗುವುದು ಆ ಚರ್ಮವೇ. ಒಂದು ಕಿಲೋ ರೆಕ್ಕೆಯನ್ನು ಗಂಟಿನಲ್ಲಿ ತುಂಡು ಮಾಡಿ. ತುದಿಯನ್ನು ಸೂಪಿಗೆ ಇಡಿ. ಉಳಿದ ತುಂಡುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್ ಮತ್ತು ಉಪ್ಪು ಸವರಿ. ಅಡುಗೆ ಸೋಡಾ ಬೇಡ, ಕಹಿಯಾಗುತ್ತದೆ. ಬೇಕಿಂಗ್ ಪೌಡರ್ ಚರ್ಮವನ್ನು ಸ್ವಲ್ಪ ಕ್ಷಾರವಾಗಿಸುವುದರಿಂದ ಬೇಗ ಕೆಂಪಾಗುತ್ತದೆ. ರಾತ್ರಿ ಮುಚ್ಚದೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಚರ್ಮ ಇನ್ನೂ ಒಣಗುತ್ತದೆ. ಮರುದಿನ 220 ಡಿಗ್ರಿ ಬಿಸಿಯಲ್ಲಿ, ಕೊಬ್ಬು ಕೆಳಗಿಳಿಯುವಂತೆ ಜಾಲರಿಯ ಮೇಲೆ ಹರಡಿ, ಸುಮಾರು 45 ನಿಮಿಷ ಸುಡಿ. ನಡುವೆ ಒಮ್ಮೆ ಮಗುಚಿ ಹಾಕಿ.

ಸಾಸಿಗೆ ಪೇಟೆಯ ಬಾಟಲಿಯೇ ಬೇಕೆಂದಿಲ್ಲ. ಬಫಲೊ ಸಾಸಿನ ಗುಟ್ಟು ಕೆಂಪು ಮೆಣಸು, ವಿನೆಗರ್ ಮತ್ತು ಬೆಣ್ಣೆ. ಬ್ಯಾಡಗಿ ಮೆಣಸನ್ನು ಬೆಳ್ಳುಳ್ಳಿ, ವಿನೆಗರಿನೊಂದಿಗೆ ನುಣ್ಣಗೆ ಅರೆದು, ಬಿಸಿ ಬೆಣ್ಣೆಯಲ್ಲಿ ಕುದಿಸಿ, ಸುಟ್ಟ ರೆಕ್ಕೆಯನ್ನು ಅದರಲ್ಲಿ ಹೊರಳಿಸಿದರಾಯಿತು.

ಈ ಚರಿತ್ರೆ ನಮಗೆ ಯಾಕೆ? ಬ್ಯಾರಿ ಸಾಹಿತ್ಯಕ್ಕೆ ಕರ್ನಾಟಕ ಸರಕಾರದ ಅಕಾಡೆಮಿ ಬಂದದ್ದು 2007ರಲ್ಲಿ. ನಮ್ಮ ಅಡುಗೆ ಅದಕ್ಕೂ ಎಷ್ಟೋ ಹಿಂದಿನದು. ಹೆಚ್ಚಿನದೆಲ್ಲ ಉಮ್ಮಂದಿರ ಕೈಯಿಂದ ಹೆಣ್ಣುಮಕ್ಕಳ ಕೈಗೆ ಬಂದದ್ದು, ಕಾಗದಕ್ಕೆ ಇಳಿಯದ್ದು. ನಾಳೆ ಅದರಲ್ಲಿ ಒಂದನ್ನು ಯಾವುದೋ ಹೋಟೆಲು ತನ್ನದೆಂದು ಮಾರಿದರೆ, ಮೊದಲು ಮಾಡಿದವರು ಇಂಥವರು ಎಂದು ತೋರಿಸಲು ನಮ್ಮ ಬಳಿ ಏನಿದೆ? ಟೆರೆಸಾಗೆ ಒಂದು ಬಾರ್ ಇತ್ತು, ಯಂಗ್‌ಗೆ ಒಂದು ಅಂಗಡಿ ಇತ್ತು. ಹಾಗಿದ್ದೂ ಒಬ್ಬರ ಹೆಸರು ಸರಕಾರಿ ಪತ್ರದಲ್ಲಿ ಬಿಟ್ಟುಹೋಯಿತು, ಇನ್ನೊಬ್ಬರದು ಊರಿನ ನೆನಪಿನಲ್ಲಿ.

ಮುಂದಿನ ಸಲ ಮನೆಯ ಹಿರಿಯರ ಬಳಿ ಒಂದು ಅಡುಗೆ ಕಲಿತಾಗ, ಬ್ಯಾರಿಯಲ್ಲೋ ಕನ್ನಡದಲ್ಲೋ ಅದನ್ನು ಬರೆದಿಡಿ. ಅಳತೆಯ ಜೊತೆಗೆ ಯಾರ ಕೈಯದ್ದು, ಯಾವ ಊರಿನದ್ದು, ಅವರು ಯಾರಿಂದ ಕಲಿತದ್ದು ಎಂದು ಎರಡು ಸಾಲು ಸೇರಿಸಿ.